ತಪ್ಪುಕಾಣಿಕೆ ದೇವರಿಗೆ, ಗದ್ದೆ ಧಣಿಗೆ

ಆ ತಪ್ಪಿನ ಫಲವನ್ನು ಉಂಡವರು ಕೊಕ್ಕಡದ ಕಡೆಯ ಒಂದು ಬೈಲಿನ ಒಂಬತ್ತು ಗೇಣಿ ಒಕ್ಕಲುಗಳು. ತಪ್ಪು ಮಾಡಿದವರು ಮೂವರು: ಮಾತು ಕೊಟ್ಟ ನಾಯಕರು, ಅದನ್ನು ಮುರಿದ ಧಣಿ, ಆ ಮಾತನ್ನು ತುಳುವಿಗೆ ತಿರುಗಿಸಿ ಕಾಗದದ ಮೇಲೆ ದುಂಡಗೆ ಬರೆದುಕೊಟ್ಟ ನಾನು. ಮೂವರಲ್ಲಿ ಯಾರ ಮನೆಯ ಒಲೆಯೂ ಒಂದು ಹೊತ್ತು ಆರಲಿಲ್ಲ. ಒಂಬತ್ತು ಒಕ್ಕಲುಗಳಲ್ಲಿ ಆರು ಇಂದು ಆ ಬೈಲಿನಲ್ಲೇ ಇಲ್ಲ. ಉಳಿದ ಮೂರು ಮನೆಯವರು ತಾವೇ ಕಟ್ಟಿದ ಗದ್ದೆಬದುಗಳ, ನಮ್ಮ ಕಡೆಯ ಹುಣಿಗಳ ಮೇಲೆ ಕೂಲಿಯಾಳುಗಳಾಗಿ ನಡೆಯುತ್ತಾರೆ. ಇದನ್ನು ಮೊದಲು ಹೇಳಿಯೇ ಮುಂದಿನದನ್ನು ಬರೆಯುತ್ತೇನೆ. ಏಕೆಂದರೆ ನಮ್ಮ ಕಡೆ ಈ ಸಂಗತಿಯನ್ನು ಎತ್ತಿದವರೆಲ್ಲ "ಅಂದಿನ ಪರಿಸ್ಥಿತಿ ಹಾಗಿತ್ತು" ಎಂದೇ ಆರಂಭಿಸುತ್ತಾರೆ. ಪರಿಸ್ಥಿತಿ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಲಿಲ್ಲ. ಒತ್ತಿದವರಿಗೆ ಹೆಸರುಗಳಿದ್ದವು.

ಕಳೆದ ವಾರ ಬಂಟ್ವಾಳದ ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಕಿಟಕಿಯ ಆಚೆ ಗುಮಾಸ್ತರೊಬ್ಬರು ದಪ್ಪ ಲಕೋಟೆಯೊಂದರ ಬಾಯಿಗೆ ಕೆಂಪು ಅರಗು ಕರಗಿಸಿ ಸುರಿದು ಮುದ್ರೆ ಒತ್ತಿದರು. ಸುಟ್ಟ ಅರಗಿನ ವಾಸನೆ ಮೂಗಿಗೆ ತಾಗಿದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಾಕಬೇಕಾಗಿದ್ದ ಕಾಗದವನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಐವತ್ತರ ದಶಕ ಮುಗಿಯುತ್ತಿದ್ದ ಆ ವರ್ಷದ ಏಪ್ರಿಲಿನ ಬಿಸು ಹಬ್ಬದಿಂದ ದೀಪಾವಳಿಯವರೆಗಿನ ಏಳು ತಿಂಗಳು, ಆ ಒಂದು ವಾಸನೆಯೊಳಗೆ ಹಾಗೆಯೇ ಉಳಿದುಕೊಂಡಿದ್ದವು.

ಆಗ ನನಗೆ ಇಪ್ಪತ್ತಮೂರು ವರ್ಷ. ಮಂಗಳೂರಿನ ತರಬೇತಿ ಶಾಲೆಯಲ್ಲಿ ಕಲಿತು ಕೊಕ್ಕಡದ ಹತ್ತಿರ ಒಂದು ಖಾಸಗಿ ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದಿದ್ದೆ. ತರಬೇತಿ ಶಾಲೆಯ ನಮ್ಮ ಮುಖ್ಯೋಪಾಧ್ಯಾಯಿನಿ ಪ್ರತಿದಿನ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ, "ಇದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ? ಹೇಳಿ ಕುಳಿತುಕೊಳ್ಳಿ" ಎನ್ನುತ್ತಿದ್ದರು. ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳಲು ಕಲಿತಿದ್ದೆ. ನಾನು ನಂಬಿದವರಿಗೆ ಕೇಳಬೇಕು ಎಂಬುದು ಮಾತ್ರ ಹೊಳೆದಿರಲಿಲ್ಲ. ನಾನು ನಂಬಿದ್ದು ನಮ್ಮ ಪಕ್ಷದ ನಾಯಕರನ್ನು. ಅವರು ಬಂಟ್ವಾಳದ ವಕೀಲರು. ಊರಲ್ಲಿ ಎಲ್ಲರ ಬಾಯಲ್ಲೂ "ವಕೀಲ್ರು". ಬಿಳಿ ಖಾದಿ, ಮೃದು ಮಾತು, ಬಡವರ ಮೊಕದ್ದಮೆಗೆ ಫೀಸು ಕೇಳದವರೆಂಬ ಹೆಸರು. ಆ ಹೆಸರು ಸುಳ್ಳಾಗಿರಲಿಲ್ಲ. ಅನ್ಯಾಯವಾದದ್ದು ಒಳ್ಳೆಯ ಮನುಷ್ಯರಿಂದಲೇ ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ನಮ್ಮ ಕಡೆಯ ಗೇಣಿಯ ಪದ್ಧತಿ ತಿಳಿಯದವರಿಗಾಗಿ ಎರಡು ಮಾತು. ಚಾಲಗೇಣಿ ಎಂದರೆ ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ. ಬಿಸು ಹಬ್ಬದ ದಿನ ಒಕ್ಕಲು ಮಗ ಸೌತೆಕಾಯಿ, ಹಲಸಿನಕಾಯಿ ಹೊತ್ತು ಧಣಿಯ ಚಾವಡಿಗೆ ಹೋಗಿ ಕಾಲು ಮುಟ್ಟುತ್ತಾನೆ. ಧಣಿ "ಹ್ಞೂಂ, ಮಾಡು" ಎನ್ನುತ್ತಾರೆ. ಆ "ಹ್ಞೂಂ" ಎಂಬುದೇ ಪತ್ರ, ಅದೇ ರುಜು. ಅಜ್ಜನ ಕಾಲದಿಂದ ಉತ್ತ ಗದ್ದೆಗೂ ಬೇರೆ ದಾಖಲೆ ಇಲ್ಲ. ಉಳುವವರಿಗೆ ಹಕ್ಕು ಕೊಡುವ ಹೊಸ ಕಾಯ್ದೆ ಬರಲಿದೆ ಎಂಬ ಸುದ್ದಿ ಹಬ್ಬಿದಾಗ ಧಣಿಗಳು ಹೆದರಿದರು, ಆ ವರ್ಷ ಈ ಬೈಲಿನ ಧಣಿಯೂ ಸೇರಿ ಅನೇಕರು "ಹ್ಞೂಂ" ಎನ್ನಲೇ ಇಲ್ಲ. ಒಕ್ಕಲುಗಳು ಕಾಯಿಯನ್ನು ಚಾವಡಿಯಲ್ಲಿಟ್ಟು ಸುಮ್ಮನೆ ಹಿಂತಿರುಗಿದರು. ನಮ್ಮ ಪಕ್ಷದಲ್ಲಿ ಧಣಿಗಳೂ ಇದ್ದರು, ಒಕ್ಕಲುಗಳೂ ಇದ್ದರು. ಇಬ್ಬರನ್ನೂ ಕಳೆದುಕೊಳ್ಳದಿರಲು ವಕೀಲರು ಒಂದು ರಾಜಿಸೂತ್ರ ತಂದರು.

ಬಿಸು ಕಳೆದ ಮೂರನೆಯ ದಿನ ನಮ್ಮ ಶಾಲೆಯ ಅಂಗಳದಲ್ಲಿ ಸಭೆ. ಸೆಖೆಗೆ ಗಾಳಿಯೇ ನಿಂತುಹೋಗಿತ್ತು. ವಕೀಲರ ಮನೆಮಾತು ತುಳುವೇ. ಆದರೆ ವೇದಿಕೆ ಹತ್ತಿದ ಮೇಲೆ ಅವರು ಕನ್ನಡ ಬಿಟ್ಟು ಮಾತಾಡುತ್ತಿರಲಿಲ್ಲ. ಅದು ನಮ್ಮ ಕಡೆಯ ರೂಢಿ. ತುಳುವಿನಲ್ಲಿ ಹೇಳಿದ್ದು ಮನೆಯ ಮಾತು, ಕನ್ನಡದಲ್ಲಿ ಹೇಳಿದ್ದು ಕಚೇರಿಯ ಮಾತು. ಜನ ನಂಬುವುದು ಎರಡನೆಯದನ್ನು. ಆದುದರಿಂದ ಅವರು ಕನ್ನಡದಲ್ಲಿ ಹೇಳುವುದು, ನಾನು ಪಕ್ಕದಲ್ಲಿ ನಿಂತು ತುಳುವಿನಲ್ಲಿ ಹೇಳುವುದು ಎಂದಾಯಿತು. ಮುಂದೆ ಬರುವ ತುಳು ಮಾತುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಸೂತ್ರ ಇಷ್ಟು: ಪ್ರತಿಯೊಬ್ಬ ಒಕ್ಕಲೂ "ಗದ್ದೆಯನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ" ಎಂದು ಬರೆದುಕೊಡಬೇಕು. ಆ ಕಾಗದಗಳನ್ನು ಒಂದು ಲಕೋಟೆಯಲ್ಲಿಟ್ಟು, ಎಲ್ಲರೆದುರು ಅರಗಿನ ಮುದ್ರೆ ಹಾಕಿ, ವಕೀಲರು ತಮ್ಮ ವಶದಲ್ಲಿಟ್ಟುಕೊಳ್ಳುತ್ತಾರೆ. ಅದರಿಂದ ಧಣಿಯ ಭಯ ಹೋಗುತ್ತದೆ. ಪತ್ತನಾಜೆಯ ಒಳಗೆ, ಅಂದರೆ ಮಳೆಗಾಲಕ್ಕೆ ಮೊದಲೇ, ಧಣಿ ಎಲ್ಲರಿಗೂ ಹತ್ತು ವರ್ಷದ ಗೇಣಿಚೀಟು ಬರೆದುಕೊಡುತ್ತಾರೆ. ಆ ದಿನ ಎಲ್ಲರೆದುರು ಮುದ್ರೆ ಒಡೆದು ಕಾಗದಗಳನ್ನು ಸುಡುವುದು.

ಅಪ್ಪಿಯಕ್ಕ ಎದ್ದು ನಿಂತರು. ತ್ಯಾಂಪ ಪೂಜಾರಿಯ ಹೆಂಡತಿ. ಬೈಲಿನ ನಡುವಿನ ಎರಡು ಗದ್ದೆ ಅವರದು. ಅವರ ಇಬ್ಬರು ಹೆಣ್ಣುಮಕ್ಕಳು ನನ್ನ ತರಗತಿಯಲ್ಲಿದ್ದರು. "ಬಿಟ್ಟಿದ್ದೇನೆ ಅಂತ ಬರೆದ ಮೇಲೆ ಬಿಡದೆ ಇರುವುದು ಹೇಗೆ ವಕೀಲ್ರೇ?" ಎಂದು ಕೇಳಿದರು.

"ಏ, ನೀನು ಕೂತುಕೋ ಮಾರಾಯ್ತಿ," ಎಂದ ತ್ಯಾಂಪ. "ದೊಡ್ಡವರು ಹೇಳುವಾಗ ನಡುವೆ ಇವಳದ್ದೊಂದು."

"ದೊಡ್ಡವರಿಗೇ ಅಲ್ವಾ ಕೇಳಿದ್ದು. ನಿಮ್ಮನ್ನು ಕೇಳಿದ್ನಾ ನಾನು?"

ಜನ ನಕ್ಕರು. ವಕೀಲರೂ ನಕ್ಕು, "ಇದು ಕೇವಲ ವಿಶ್ವಾಸದ ದಾಖಲೆ. ಇದರಿಂದ ನಿಮ್ಮ ಅನುಭೋಗಕ್ಕೆ ಯಾವ ಬಾಧೆಯೂ ಇಲ್ಲ" ಎಂದು ಕನ್ನಡದಲ್ಲಿ ಹೇಳಿದರು. ಅದನ್ನು ತುಳುವಿಗೆ ತಿರುಗಿಸಿ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಹೆದರಬೇಡಿ ಅಪ್ಪಿಯಕ್ಕ, ನಾನಿದ್ದೇನೆ" ಎಂದು ನನ್ನದೂ ಒಂದು ಮಾತು ಸೇರಿಸಿದೆ. ಅವರು ಕುಳಿತದ್ದು ಆ ಮಾತಿಗೆ. ನನ್ನ ತಪ್ಪುಗಳ ಪಟ್ಟಿಯಲ್ಲಿ ಇದು ಮೊದಲನೆಯದು.

ಒಂಬತ್ತು ಕಾಗದಗಳನ್ನೂ ನಾನೇ ಬರೆದೆ. ನನ್ನ ಅಕ್ಷರ ಚೆಂದ ಎಂದು ವಕೀಲರು ಹೇಳಿದ್ದರು. ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಹೋದರು. ಕಡೆಗೆ ಬಂದವರು ಇದಿನಬ್ಬ ಬ್ಯಾರಿ. ತ್ಯಾಂಪನ ಗದ್ದೆಗೆ ತಾಗಿದ ಗದ್ದೆ ಉಳುವವರು, ಮಳೆ ಬಿಟ್ಟ ತಿಂಗಳುಗಳಲ್ಲಿ ಕಲ್ಲಡ್ಕದ ಸಂತೆಗೆ ಗಾಡಿ ಹೊಡೆಯುವವರು. ವಕೀಲರು ಅರಗು ಸುರಿದು ಮುದ್ರೆ ಒತ್ತುವುದನ್ನು ಬಾಗಿ ನೋಡಿ ಅವರು, "ಭಾರೀ ಭದ್ರ ಆಯ್ತು ವಕೀಲ್ರೇ. ಇನ್ನು ಒಳಗೆ ಎಂತ ಉಂಟು ಅಂತ ಇಲಿಗೂ ಗೊತ್ತಾಗ್ಲಿಕ್ಕಿಲ್ಲ, ನಮಗೂ ಗೊತ್ತಾಗ್ಲಿಕ್ಕಿಲ್ಲ" ಎಂದರು. ಆ ಹೊತ್ತಿಗೆ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನಾನು.

ಪತ್ತನಾಜೆ ಬಂತು, ಹೋಯಿತು. ಚೀಟು ಬರಲಿಲ್ಲ. "ಧಣಿಗಳಿಗೆ ಪುರುಸೊತ್ತಿಲ್ಲ" ಎಂದು ವಕೀಲರು ಹೇಳಿಕಳಿಸಿದರು. ಮಳೆ ಹಿಡಿಯಿತು. ಮಳೆಗಾಲದ ಏಣೆಲು ಬೆಳೆಗೆ ಎಲ್ಲರೂ ಎಂದಿನಂತೆ ಬೀಜ ಬಿತ್ತಿದರು. ನೇಜಿ ಗೇಣುದ್ದ ಎದ್ದು, ಕಿತ್ತು ನಡುವುದಕ್ಕೆ ಹದವಾಗಿದ್ದ ಒಂದು ಬೆಳಿಗ್ಗೆ ಅಪ್ಪಿಯಕ್ಕ ನೇಜಿಯ ಕಟ್ಟು ಹೊತ್ತು ಗದ್ದೆಗಿಳಿದಾಗ, ಅಲ್ಲಿ ಅವರು ಎಂದೂ ಕಾಣದ ನಾಲ್ಕು ಜೋಡಿ ಕೋಣಗಳು ಉಳುತ್ತಿದ್ದವು. ಹುಣಿಯ ಮೇಲೆ ಧಣಿಯ ಪಾರುಪತ್ಯಗಾರ ಕೊಡೆ ಹಿಡಿದು ನಿಂತಿದ್ದ. ಕೇಳಿದ್ದಕ್ಕೆ ಅವನು ಒಂದು ಕಾಗದ ಬಿಡಿಸಿ, "ಓದ್ಲಿಕ್ಕೆ ಬರುವುದಿಲ್ಲಾಂದ್ರೆ ನಿಮ್ಮ ಟೀಚರನ್ನು ಕೇಳು. ಅವರದ್ದೇ ಅಕ್ಷರ" ಎಂದನಂತೆ.

ಅವರು ನೇರ ಶಾಲೆಗೆ ಬಂದರು. ಮೊಣಕಾಲಿನವರೆಗೆ ಕೆಸರು, ತಲೆಯ ಮೇಲಿನ ನೇಜಿಯ ಕಟ್ಟು ಹಾಗೇ ಇತ್ತು; ಇಳಿಸುವುದಕ್ಕೆ ನೆನಪಾಗಿರಲಿಲ್ಲ. ಹೊಗೆಸೊಪ್ಪಿನ ಸಂಚಿಯಂತೆ ಅವರ ಮುಖ ಮುದುಡಿತ್ತು. "ಟೀಚರೇ, ಆ ಕಾಗದದಲ್ಲಿ ಎಂತ ಬರೆದದ್ದು ನೀವು? ಬರೆದ ಹಾಗೆಯೇ ಒಮ್ಮೆ ಹೇಳಿ." ಮಕ್ಕಳ ಎದುರು ನಾನು ಹೇಳಿದೆ. ಒಂದೊಂದು ಶಬ್ದ ನನಗೆ ಬಾಯಿಪಾಠವಾಗಿತ್ತು. ಅವರು ಪೂರ್ತಿ ಕೇಳಿ, "ಇದರಲ್ಲಿ ವಕೀಲ್ರ ಮಾತು ಒಂದೂ ಇಲ್ವಲ್ಲ. ಎಲ್ಲ ನಮ್ಮದೇ ಮಾತು" ಎಂದರು. ಕಾಯ್ದೆಯ ಪುಸ್ತಕ ಓದಿದ್ದ ನನಗೆ ಹೊಳೆಯದ್ದು ಅಕ್ಷರ ತಿಳಿಯದ ಅವರಿಗೆ ಒಂದೇ ಸಲಕ್ಕೆ ಹೊಳೆದಿತ್ತು. ಚೀಟು ಕೊಡುವ ಭರವಸೆ, ಮುದ್ರೆಯ ಷರತ್ತು, ಸುಡುವ ಮಾತು, ಇವುಗಳಲ್ಲಿ ಒಂದನ್ನೂ ನಾವು ಕಾಗದಕ್ಕೆ ಇಳಿಸಿರಲಿಲ್ಲ.

ಮರುದಿನ ಅಪ್ಪಿಯಕ್ಕ, ತ್ಯಾಂಪ, ಇದಿನಬ್ಬ, ನಾನು, ನಾಲ್ವರೂ ಬಂಟ್ವಾಳಕ್ಕೆ ಹೋದೆವು. ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ವಕೀಲರು ನಮ್ಮನ್ನು ಚಾವಡಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ವಿಷಯ ಅವರಿಗೆ ತಿಳಿದಿತ್ತು. ವೇದಿಕೆಯ ಕನ್ನಡ ಬಿಟ್ಟು ಅವರು ತುಳುವಿನಲ್ಲೇ ಹೇಳಿದರು: "ಲಕೋಟೆಯನ್ನು ನಾನೇ ಕೊಟ್ಟದ್ದು. ಚೀಟು ಬರೆಯುವಾಗ ಹೆಸರು, ಗದ್ದೆ ಸರಿಯಾಗಿ ನೋಡ್ಬೇಕು, ಒಂದು ದಿನಕ್ಕೆ ಕೊಡಿ ಅಂದರು ಧಣಿಗಳು. ಒಟ್ಟಿಗೆ ಶಾಲೆಗೆ ಹೋದವರು ನಾವು. ಕೊಟ್ಟೆ. ನನ್ನಿಂದ ತಪ್ಪಾಯ್ತು ಅಪ್ಪಿ." ಅವರ ಕಣ್ಣು ತುಂಬಿತ್ತು. ಅದು ನಟನೆಯಾಗಿರಲಿಲ್ಲ.

ಅಪ್ಪಿಯಕ್ಕ ಲೋಟ ಕೆಳಗಿಟ್ಟರು. "ಇಲ್ಲಿ ಹೇಳಿದ್ದನ್ನು ಅಲ್ಲಿ ಹೇಳಿ. ಶಾಲೆಯ ಅಂಗಳದಲ್ಲಿ. ಧಣಿಗಳೂ ಬರ್ಲಿ."

"ಸಮಯ ಬರ್ಬೇಕು. ಈಗ ಜನ ಎರಡು ಪಾಲಾಗಿದ್ದಾರೆ. ನಾನು ಹಾಗೆ ಹೇಳಿದರೆ ಧಣಿಗಳೆಲ್ಲ ಒಂದಾಗಿ ಪಕ್ಷ ಬಿಡ್ತಾರೆ. ಪಕ್ಷ ಸೋತರೆ ಕಾಯ್ದೆಯೂ ಇಲ್ಲ. ನಾಳೆ ಸಾವಿರಾರು ಒಕ್ಕಲುಗಳಿಗೆ ಆಗುವ ಒಳ್ಳೆಯದನ್ನು ನೋಡ್ಬೇಕಲ್ಲ."

"ಆ ಸಾವಿರ ಮಂದಿಗೆ ಒಳ್ಳೆಯದಾಗ್ಲಿ," ಎಂದರು ಇದಿನಬ್ಬ. "ನಮ್ಮ ಒಂಬತ್ತು ಮಂದಿಯನ್ನು ಕೊಯ್ದು ಅವರಿಗೆ ಸಮ್ಮಾನದ ಊಟ ಹಾಕುವುದಾ ವಕೀಲ್ರೇ?"

ವಕೀಲರ ವಾದಕ್ಕೆ ಬಲವಿಲ್ಲ ಎಂದು ನಾನು ಇಂದೂ ಹೇಳುವುದಿಲ್ಲ. ರಾಜಕೀಯ ಮಾಡುವವರು ಮುಂದಿನದನ್ನು ಲೆಕ್ಕಹಾಕಲೇಬೇಕಾಗುತ್ತದೆ. ಆದರೆ ಆ ಲೆಕ್ಕದಲ್ಲಿ ತಾವು ನುಂಗಬೇಕಾದದ್ದು ಒಂದು ಅವಮಾನ, ಅಪ್ಪಿಯಕ್ಕ ನುಂಗಬೇಕಾದದ್ದು ಹಸಿವು ಎಂಬ ವ್ಯತ್ಯಾಸವನ್ನು ಅವರು ಎಲ್ಲಿಯೂ ಬರೆದಿಡಲಿಲ್ಲ.

ಮಳೆ ಜೋರಾದ ಆಟಿ ತಿಂಗಳಲ್ಲಿ ಮೂಡಬಿದಿರೆಯಲ್ಲಿ ಭೂಮಾಲಕರ ಒಂದು ಸಭೆ ನಡೆಯಿತು. ವಕೀಲರು ಮಾತಾಡುತ್ತಾರೆಂದು ತಿಳಿದು ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಚಾವಡಿಯಲ್ಲಿ ಕಣ್ಣು ತುಂಬಿಕೊಂಡಿದ್ದ ಅದೇ ಮನುಷ್ಯ ಅಲ್ಲಿ ನಿಂತು, "ನಮ್ಮ ತಾಲೂಕಿನಲ್ಲಿ ಒಕ್ಕಲುಗಳು ಸೌಹಾರ್ದದಿಂದ, ಸ್ವಂತ ಇಚ್ಛೆಯಿಂದ ಭೂಮಿ ಬಿಟ್ಟುಕೊಟ್ಟ ಉದಾಹರಣೆಗಳೂ ಇವೆ" ಎಂದು ಸ್ಪಷ್ಟ ಕನ್ನಡದಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ನನ್ನನ್ನು ಕಂಡಾಗ ಅವರ ದೃಷ್ಟಿ ಒಂದು ಕ್ಷಣ ತಡವರಿಸಿತು, ಮಾತು ತಡವರಿಸಲಿಲ್ಲ. ಎರಡು ಪಾಲಾದ ಜನರಿಗೆ ಎರಡು ಸತ್ಯ ಹಂಚಿ ಅವರು ಇಬ್ಬರನ್ನೂ ಉಳಿಸಿಕೊಂಡರು. ಆ ವಾರವೇ ಅಪ್ಪಿಯಕ್ಕನ ಮನೆಯವರು ಸಾಮಾನು ಕಟ್ಟಿ ಇದಿನಬ್ಬರ ಗಾಡಿಯಲ್ಲಿ ನೆರಿಯಕ್ಕೆ ಹೋದರು. ಅಲ್ಲಿ ಕಾಡಿನ ಅಂಚಿನಲ್ಲಿ ಬಿದಿರು ಕಡಿಯುವ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದರು. ಸುರಿಯುವ ಮಳೆಯಲ್ಲಿ ಹೆಣ್ಣುಮಕ್ಕಳಿಬ್ಬರೂ ಸ್ಲೇಟುಗಳನ್ನು ನನಗೆ ಹಿಂದಿರುಗಿಸಲು ಬಂದರು. ಅವು ಶಾಲೆಯವಲ್ಲ, ನಿಮ್ಮವೇ ಎಂದರೂ ಕೇಳದೆ ಮೇಜಿನ ಮೇಲಿಟ್ಟು ಹೋದರು.

ಅದರ ಮುಂದಿನ ಸೋಣ ತಿಂಗಳಲ್ಲಿ ಒಂದು ಸುದ್ದಿ ಹಬ್ಬಿತು. ವಕೀಲರು ದೇವಸ್ಥಾನಕ್ಕೆ ಹೋಗಿ, ಒಂಬತ್ತು ಒಕ್ಕಲುಗಳ ವಿಷಯದಲ್ಲಿ ತಮ್ಮಿಂದಾದ ಅಪರಾಧಕ್ಕೆ ತಪ್ಪುಕಾಣಿಕೆ ಹಾಕಿದ್ದಾರೆ! ತಪ್ಪುಕಾಣಿಕೆ ನಮ್ಮ ಕಡೆ ಎಲ್ಲರೂ ಮಾಡುವಂಥದ್ದು. ಹರಕೆ ಮರೆತರೆ, ಮೈಲಿಗೆಯಾದರೆ, ಆಣೆ ತಪ್ಪಿದರೆ, ಒಂದು ನಾಣ್ಯವನ್ನು ಮುಡಿಪು ಕಟ್ಟಿ ದೇವರ ಮುಂದಿಟ್ಟು ಅಡ್ಡಬಿದ್ದರೆ ಆ ತಪ್ಪು ಅಲ್ಲಿಗೆ ಮುಗಿಯಿತು; ಮತ್ತೆ ಅದನ್ನು ಯಾರೂ ಎತ್ತಬಾರದು. ನಾನು ಚಿಕ್ಕಂದಿನಿಂದ ನೋಡಿದ ಪದ್ಧತಿ, ಅದರಲ್ಲಿ ಎಷ್ಟೋ ಸೌಮ್ಯತೆ ಇದೆ. ಆದರೆ ವಕೀಲರು ತಪ್ಪು ಮಾಡಿದ್ದು ದೇವರಿಗಲ್ಲ.

ಊರು ಕರಗಿಹೋಯಿತು. "ಅಂಥವರು ಅಡ್ಡಬಿದ್ದರಂತೆ" ಎಂದು ಬಾಯಿಬಾಯಿಗೆ ಹೊಗಳಿಕೆ. ನಾನು ನೆರಿಯಕ್ಕೆ ಹೋಗಿ ಹೇಳಿದಾಗ ತ್ಯಾಂಪ ಪೂಜಾರಿ ಕೂಡ ಕೈಮುಗಿದ. ಬಿದಿರಿನ ಸಿಬಿರು ಹೊಕ್ಕು ಅವನ ಬಲಗೈ ಬಾತುಕೊಂಡಿತ್ತು. "ದೇವರ ಎದುರು ಒಪ್ಪಿಕೊಂಡ ಮೇಲೆ ಇನ್ನು ನಾವು ಮಾತಾಡಬಾರದು ಟೀಚರೇ. ಮಾತಾಡಿದರೆ ದೋಷ ನಮಗೇ."

"ಕಾಣಿಕೆ ದೇವರಿಗೆ ಸಿಕ್ಕಿತು, ಗದ್ದೆ ಧಣಿಗೆ ಸಿಕ್ಕಿತು," ಎಂದರು ಅಪ್ಪಿಯಕ್ಕ ಒಲೆಯ ಬಳಿಯಿಂದ. "ನಮಗೆ ಸಿಕ್ಕಿದ್ದು ಈ ಮನುಷ್ಯನ ಕೈಮುಗಿಯುವುದು. ನೋಡಿ, ಆ ಬಾತ ಕೈಯಲ್ಲೂ ಮುಗೀತಾರೆ."

"ಬಾಯಿ ಮುಚ್ಚು ನೀನು."

"ನಾನು ಮುಚ್ಚಿಯೇ ಇದ್ದದ್ದು, ಆ ಬಿಸುವಿಗೆ. ಟೀಚರು ಹೇಳಿದ್ರೂಂತ." ಅವರು ನನ್ನ ಕಡೆ ನೋಡಲಿಲ್ಲ. ಗಂಜಿ ಬಡಿಸಿದರು. ನಾನು ಉಂಡೆ. ಅದಕ್ಕಿಂತ ಕಷ್ಟದ ಊಟವನ್ನು ನಾನು ಆಮೇಲೆ ಎಂದೂ ಮಾಡಿಲ್ಲ.

ದೀಪಾವಳಿಗೆ ಮೊದಲು ನಮ್ಮ ಶಾಲೆಯ ಅಂಗಳದಲ್ಲಿ ಪಕ್ಷದ ಸಭೆ ಮತ್ತೆ ನಡೆಯಿತು. ವಕೀಲರು ಬರಲಿಲ್ಲ, ಬೇರೆಯವರು ಬಂದಿದ್ದರು. ಭಾಷಾಂತರಕ್ಕೆಂದು ನನ್ನನ್ನು ವೇದಿಕೆಗೆ ಕರೆದರು. ನಾನು ಭಾಷಾಂತರಿಸಲಿಲ್ಲ. ಕಾಗದ ಬರೆದವಳು ನಾನು, ಹೆದರಬೇಡಿ ಎಂದವಳು ನಾನು, ಒಂಬತ್ತು ಮನೆಯವರೂ ಭೂಮಿ ಬಿಟ್ಟವರಲ್ಲ, ನಮ್ಮ ಮಾತಿಗೆ ಬೆರಳು ಕೊಟ್ಟವರು, ಲಕೋಟೆಯನ್ನು ವಕೀಲರೇ ಧಣಿಗೆ ಕೊಟ್ಟರೆಂದು ಅವರ ಬಾಯಿಂದಲೇ ಕೇಳಿದ್ದೇನೆ ಎಂದು ಮೊದಲು ತುಳುವಿನಲ್ಲಿ, ಅನಂತರ ಕನ್ನಡದಲ್ಲಿ ಹೇಳಿದೆ. ಧ್ವನಿವರ್ಧಕವನ್ನು ಯಾರೋ ಕಿತ್ತರು. ಗಟ್ಟಿಯಾಗಿ ಹೇಳಿದೆ. "ಕಾಣಿಕೆ ಹಾಕಿದ ಮೇಲೆ ಇವಳದ್ದೆಂತದು?" ಎಂದು ಹಿಂದಿನಿಂದ ಒಬ್ಬರು ಕೂಗಿದರು. ಇನ್ನೊಬ್ಬರು, "ಹೇಳ್ಲಿ ಬಿಡಿ, ಕೇಳುವ" ಎಂದರು. ಊರು ಎರಡು ಪಾಲಾಗಿಯೇ ಇತ್ತು. ಆದರೆ ಆ ದಿನ ಎರಡು ಪಾಲಿನವರೂ ಒಂದೇ ಮಾತನ್ನು ಕೇಳಿಸಿಕೊಂಡರು.

ತಿಂಗಳೊಳಗೆ ಶಾಲೆಯ ಆಡಳಿತದವರು ನನ್ನನ್ನು ಬಿಡಿಸಿದರು. ವಕೀಲರು ಎಲ್ಲಿಯೋ ಕೇಳಿದವರಿಗೆ, "ಟೀಚರು ತುಳುವಿನಲ್ಲಿ ಹೆಚ್ಚುಕಮ್ಮಿ ಹೇಳಿರಬೇಕು. ನಾನು ಹೇಳಿದ್ದು ವಿಶ್ವಾಸದ ವಿಷಯ ಮಾತ್ರ" ಎಂದರಂತೆ. ಪಕ್ಕದಲ್ಲೇ ನಿಂತು ನನ್ನ ಒಂದೊಂದು ತುಳು ಮಾತಿಗೂ ತಲೆಯಾಡಿಸಿದವರು ಅವರು! ನಾನು ಸೇರಿಸಿದ್ದು ಒಂದೇ ವಾಕ್ಯ. ಅದನ್ನು ನಾನೇ ಹೇಳಿಕೊಂಡಿದ್ದೇನೆ. ಉಳಿದದ್ದೆಲ್ಲ ಅವರದು.

ಸುದ್ದಿ ನೆರಿಯಕ್ಕೆ ಮುಟ್ಟಿದಾಗ ಅಪ್ಪಿಯಕ್ಕ ಆಗ ನಾನಿದ್ದ ಬೆಳ್ತಂಗಡಿಯವರೆಗೆ ನಡೆದು ಬಂದು ನನ್ನನ್ನು ಕಂಡರು. ಕ್ಷಮೆಯ ಮಾತು ಬರಬಹುದೆಂದು ಕಾದಿದ್ದೆ. "ಒಳ್ಳೆಯದಾಯ್ತು ಹೇಳಿದ್ದು," ಎಂದರು. "ಆದರೆ ನಿಮ್ಮ ಮಾತಿಗೆ ಕಚೇರಿಯಲ್ಲಿ ಕಿಮ್ಮತ್ತಿಲ್ಲ. ಲಕೋಟೆ ನಿಮ್ಮ ಕೈಯಲ್ಲಿ ಇರ್ಲಿಲ್ಲ. ಯಾರ ಕೈಯಲ್ಲಿ ಇತ್ತೋ ಅವರೇ ಹೇಳ್ಬೇಕು." ಆ ಮಾತು ಅಂದೂ ಸರಿ, ಇಂದೂ ಸರಿ.

ಇಷ್ಟು ವರ್ಷಗಳ ಮೇಲೆ ಈಗ ಹೊಸ ಕಾಯ್ದೆ ಜಾರಿಗೆ ಬಂದಿದೆ. ಅಪ್ಪಿಯಕ್ಕ, ಇದಿನಬ್ಬ ಮತ್ತು ಇತರ ಏಳು ಮನೆಯವರು ತಮ್ಮ ಗದ್ದೆಗಾಗಿ ಅರ್ಜಿ ಹಾಕಿದ್ದಾರೆ. ಧಣಿಯ ಕಡೆಯವರು ಹಾಜರುಪಡಿಸಿರುವುದು ನನ್ನ ಅಕ್ಷರದ ಆ ಒಂಬತ್ತು ಕಾಗದಗಳನ್ನು. ನಾನು ಸಾಕ್ಷಿ ಹೇಳಿದ್ದೇನೆ. ಅಧಿಕಾರಿಗಳು ಕೇಳಿದ್ದು ಒಂದೇ ಪ್ರಶ್ನೆ: "ಆ ಷರತ್ತಿನ ಮೇಲೆ ಕಾಗದಗಳನ್ನು ವಶದಲ್ಲಿಟ್ಟುಕೊಂಡವರು ಏನು ಹೇಳುತ್ತಾರೆ?" ಮುಂದಿನ ವಿಚಾರಣೆಗೆ ಇನ್ನು ಮೂರು ವಾರ. ತ್ಯಾಂಪ ಪೂಜಾರಿ ಅದನ್ನು ನೋಡುವುದಕ್ಕೆ ಇಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡ.

ವಕೀಲರೇ, ನೀವಿನ್ನೂ ಬಂಟ್ವಾಳದಲ್ಲೇ ಇದ್ದೀರಿ, ಇನ್ನೂ ವೇದಿಕೆ ಹತ್ತುತ್ತೀರಿ, ಜನ ಇನ್ನೂ ನಿಮ್ಮನ್ನು ನಂಬುತ್ತಾರೆ. ನಾನು ನಿಮ್ಮಿಂದ ಕಣ್ಣೀರು ಕೇಳುವುದಿಲ್ಲ, ಅದನ್ನು ನೋಡಿದ್ದೇನೆ. ಪಶ್ಚಾತ್ತಾಪ ಕೇಳುವುದಿಲ್ಲ, ಅದನ್ನು ನೀವು ದೇವಸ್ಥಾನಕ್ಕೆ ಒಪ್ಪಿಸಿದ್ದೀರಿ. ವಿಚಾರಣೆಯ ದಿನ ಬಂದು ಅಧಿಕಾರಿಗಳ ಮುಂದೆ ನಿಂತು ಪ್ರಮಾಣ ಮಾಡಿ ಹೇಳಿ. ಅದಕ್ಕೂ ಮೊದಲು ಒಂದೇ ದಿನ ಕೊಕ್ಕಡದಲ್ಲಿ ಒಕ್ಕಲುಗಳ ಎದುರು ತುಳುವಿನಲ್ಲಿ, ಮೂಡಬಿದಿರೆಯಲ್ಲಿ ಧಣಿಗಳ ಎದುರು ಕನ್ನಡದಲ್ಲಿ, ಭಾಷಾಂತರಕ್ಕೆ ಯಾರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳದೆ, ನಿಮ್ಮ ಬಾಯಿಂದಲೇ ಹೇಳಿ: "ಈ ಒಂಬತ್ತು ಮಂದಿ ತಮ್ಮ ಗದ್ದೆಯನ್ನು ಬಿಟ್ಟುಕೊಡಲಿಲ್ಲ. ನನ್ನನ್ನು ನಂಬಿ ಕೊಟ್ಟ ಕಾಗದಗಳನ್ನು ನಾನು ಧಣಿಯ ಕೈಗೆ ಕೊಟ್ಟೆ." ನೀವು ಹೇಳಬೇಕಾದದ್ದು ಇಷ್ಟೇ. ಇದರಲ್ಲಿ ಒಂದು ಶಬ್ದವನ್ನೂ ಬಿಡಬೇಡಿ.